ಓಣಿಗೆ ಮುಖ ಮಾಡಿದ ಮನೆಗಳು

ನಮ್ಮ ಭಾವನ ಅಡ್ಡಹೆಸರು ಹಿತ್ತಿಲ ಸಾಹುಕಾರ. ಇಟ್ಟವನು ಇನ್ನೊಬ್ಬ ಬಿಲ್ಡರು, ಇಟ್ಟಿದ್ದು ಹೊಟ್ಟೆಕಿಚ್ಚಿನಿಂದ. ಭಾವ ಅದನ್ನು ಕೇಳಿ ಮನಸಾರೆ ನಕ್ಕು, ಆಫೀಸಿನ ಬೋರ್ಡಿನ ಮೇಲೆ ಅದನ್ನೇ ಬರೆಸೋಣವೇ ಎಂದು ಗಂಭೀರವಾಗಿ ವಿಚಾರಿಸಿದರು. ಅಕ್ಕ, "ಬರೆಸಿ, ಬರೆಸಿ. ಆಮೇಲೆ ಆ ಬೋರ್ಡಿನ ಕೆಳಗೇ ಹಾಸಿಗೆ ಹಾಕ್ಕೊಳ್ಳಿ," ಎಂದದ್ದರಿಂದ ಆ ಯೋಜನೆ ಅಲ್ಲಿಗೇ ನಿಂತಿತು.

ಮೂವತ್ತೇಳು ವರ್ಷಗಳಲ್ಲಿ ಭಾವ ಕಟ್ಟಿಸಿದ್ದು ಇಪ್ಪತ್ತಮೂರು ಕಟ್ಟಡ. ಒಂದೂ ಐದು ಮಹಡಿ ದಾಟಿಲ್ಲ. ಒಂದಕ್ಕೂ ಗಾಜಿನ ಗೋಡೆಯಿಲ್ಲ, ಕಾರಂಜಿಯಿಲ್ಲ, ಗೇಟಿನ ಮೇಲೆ ಸಿಂಹವಿಲ್ಲ. ಆದರೆ ಇಪ್ಪತ್ತಮೂರಕ್ಕೂ ಒಂದು ಗುಣ ಸಮಾನ. ದೊಡ್ಡ ರಸ್ತೆಗೆ ಅವು ಬೆನ್ನು ಕೊಟ್ಟಿವೆ, ಇಲ್ಲವೇ ಅರ್ಧ ಬೆನ್ನು. ಬಾಗಿಲು, ಮೆಟ್ಟಿಲು, ಅಂಗಡಿಸಾಲು, ದೀಪ ಎಲ್ಲ ಇರುವುದು ಹಿಂದಿನ ಓಣಿಯ ಕಡೆಗೆ. ಕಸ ಸುರಿಯುತ್ತಿದ್ದ ಓಣಿಗಳು ಹೀಗೆ ಒಂದೊಂದಾಗಿ ಬೀದಿಗಳಾದವು. ಇವತ್ತು ಕಾಲೇಜು ಹುಡುಗಿಯರು ಹುಡುಗರು ನೋಟ್‌ಬುಕ್ಕು ಹಿಡಿದು ಬಂದು ಆ ಬೀದಿಗಳ ಅಗಲ ಅಳೆಯುತ್ತಾರೆ. ಭಾವನನ್ನು ಕಂಡರೆ ತಪ್ಪದೆ ಕೇಳುವ ಪ್ರಶ್ನೆ ಒಂದೇ. "ಸಾರ್, ಈ ಯೋಚನೆ ನಿಮಗೆ ಹೇಗೆ ಹೊಳೀತು?"

ಭಾವ ಕೊಡುವ ಉತ್ತರವೂ ಒಂದೇ. "ಹೊಳೀಲಿಲ್ಲ ಮರಿ. ಮೊದಲನೇ ಕಟ್ಟಡದಲ್ಲಿ ನಾನೊಂದು ತಪ್ಪು ಮಾಡ್ದೆ. ತಪ್ಪು ಚೆನ್ನಾಗಿತ್ತು, ಇಟ್ಕೊಂಡೆ."

ಎಲ್ಲರೂ ನಗುತ್ತಾರೆ. ದೊಡ್ಡವರ ವಿನಯ ಎಂದುಕೊಂಡು ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತ ನಾನು ಆ ಹೊತ್ತಿಗೆ ಸರಿಯಾಗಿ ಕನ್ನಡಕ ಒರೆಸಲು ಶುರುಮಾಡುತ್ತೇನೆ. ಏಕೆಂದರೆ ಆ ತಪ್ಪು ಅವರದಲ್ಲ, ನನ್ನದು.

ಭಾವನಿಗೆ ಈಗ ಎಪ್ಪತ್ತೊಂದು. ಆಫೀಸನ್ನು ಮಗಳಿಗೆ ಒಪ್ಪಿಸಿದ್ದಾರೆ. ಒಪ್ಪಿಸಿದ್ದಾರೆ ಎಂದರೆ, ಅವಳ ಎದುರಿನ ಕುರ್ಚಿಯಲ್ಲಿ ಕೂತು ದಿನವಿಡೀ ಅವಳ ಕೆಲಸ ಕೆಡಿಸುತ್ತಾರೆ. ಅವಳು ಈ ವರ್ಷ ಅಪ್ಪನ ಕೆಲಸದ ಬಗ್ಗೆ ಒಂದು ಪುಟ್ಟ ಪುಸ್ತಕ ತರಲು ಹೊರಟಳು. ಫೋಟೋ ತೆಗೆಯುವವರು ಸಿಕ್ಕರು, ಬರೆಯುವವರು ಸಿಗಲಿಲ್ಲ. ಕೊನೆಗೆ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಮಾಮ, ನೀನೇ ಬರಿ. ಮೊದಲ್ನೇ ದಿನದಿಂದ ಅಪ್ಪನ ಜೊತೆ ಇದ್ದವನು ನೀನೊಬ್ಬನೇ."

"ಬರೀತೀನಿ. ಆದ್ರೆ ನಿಜ ಬರೀತೀನಿ."

"ನಿಜ ಅಲ್ದೆ ಇನ್ನೇನು ಬರೀತೀಯ?" ಎಂದು ನಕ್ಕು ಹೋದಳು. ಪಾಪ, ಹುಡುಗಿ. ಈ ಆಫೀಸಿನ ಪಾಯದಲ್ಲೇ ಒಂದು ಸುಳ್ಳು ಕೂತಿದೆ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಯಾರಿಗೂ ಬೇಡವಾದ ಪ್ರಾಣಿ. ಮೊದಲು ಒಂದು ಪ್ರೆಸ್ಸಿನಲ್ಲಿದ್ದೆ, ಆಮೇಲೆ ಬಸ್ಸಿನ ಬುಕಿಂಗಿನಲ್ಲಿ, ಆಮೇಲೆ ರೇಡಿಯೋ ರಿಪೇರಿಯಲ್ಲಿ. ಎಲ್ಲ ಕಡೆಯೂ ಎರಡು ಮೂರು ತಿಂಗಳು. ಕೆಲಸ ಗೊತ್ತಿರಲಿಲ್ಲವೆಂದಲ್ಲ, ಗಮನ ನಿಲ್ಲುತ್ತಿರಲಿಲ್ಲ. ಕೈ ಒಂದು ಮಾಡುತ್ತಿದ್ದರೆ ತಲೆ ಇನ್ನೆಲ್ಲೋ. ಅಕ್ಕ ಮದುವೆಯಾಗಿ ಐದು ವರ್ಷವಾಗಿತ್ತು. ಭಾವ ಸ್ವಂತವಾಗಿ ಮೊದಲನೆಯ ಕಟ್ಟಡ ಶುರುಮಾಡುವ ತಯಾರಿಯಲ್ಲಿದ್ದರು. ಅಕ್ಕ ಒಂದು ದಿನ ನನ್ನ ಕಿವಿ ಹಿಡಿಯುವುದೊಂದು ಬಾಕಿ, ಕರೆದುಕೊಂಡು ಬಂದು ಅವರ ಮುಂದೆ ನಿಲ್ಲಿಸಿದಳು. "ಇವನಿಗೆ ಏನಾದ್ರೂ ಕೆಲಸ ಕೊಡಿ. ಕೊಡದಿದ್ರೆ ಮನೇಲಿ ಕೂತು ನನ್ನ ತಲೆ ತಿಂತಾನೆ."

"ಏನು ಬರುತ್ತೆ ನಿಂಗೆ?" ಎಂದರು ಭಾವ.

"ಗೆರೆ ಎಳೆಯೋಕೆ ಬರುತ್ತೆ." ಶಾಲೆಯಲ್ಲಿ ಡ್ರಾಯಿಂಗಿನಲ್ಲಿ ನನಗೆ ಒಳ್ಳೆಯ ಅಂಕ ಬರುತ್ತಿತ್ತು. ಬೇರೆ ಹೇಳಿಕೊಳ್ಳುವಂಥದು ಏನೂ ಇರಲಿಲ್ಲ.

ಹೀಗೆ ನಾನು ನಕ್ಷೆಗಾರನಾದೆ. ಭಾವ ಪೆನ್ಸಿಲಿನಲ್ಲಿ ಹಾಕಿದ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಮಸಿಯಲ್ಲಿ ತಿದ್ದುವುದು, ಆ ಹಾಳೆಯನ್ನು ಪೇಟೆಯ ಪ್ರಿಂಟಿನ ಅಂಗಡಿಗೆ ಒಯ್ದು ನೀಲಿ ಪ್ರತಿ ತೆಗೆಸುವುದು, ಆ ಪ್ರತಿಗಳನ್ನು ಸೈಟಿನಲ್ಲಿ ಮೇಸ್ತ್ರಿಗೆ ಕೊಡುವುದು. ಇಷ್ಟೇ ಕೆಲಸ. ಪ್ರತಿ ತೆಗೆಯುವ ಮೆಷಿನ್ನಿನ ಅಮೋನಿಯಾದ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು ಎನ್ನುವುದನ್ನು ಬಿಟ್ಟರೆ ಕಷ್ಟವೇನೂ ಇರಲಿಲ್ಲ.

ಆ ಜಾಗದ ಬಗ್ಗೆ ಹೇಳಬೇಕು. ಅದು ಭಾವನ ಅಪ್ಪನದು. ಅವರು ಬಡಗಿ. ಬೀದಿಯವರೆಲ್ಲ ಕರೆದಂತೆ ನಾನೂ ಅವರನ್ನು ಬಡಗಿ ಮಾವ ಎನ್ನುತ್ತಿದ್ದೆ. ಉದ್ದನೆಯ ಸೈಟು, ಮುಂದೆ ಬಸ್ಸು ಓಡಾಡುವ ದೊಡ್ಡ ರಸ್ತೆ, ಹಿಂದೆ ಇಕ್ಕಟ್ಟಾದ ಓಣಿ. ರಸ್ತೆಯ ಕಡೆಗೆ ಮಾವನ ಮರಗೆಲಸದ ಶೆಡ್ಡು ನಲವತ್ತು ವರ್ಷದಿಂದ ನಿಂತಿತ್ತು. ಓಣಿಯ ಕಡೆಗೆ ಎತ್ತರದ ಗೋಡೆ. ಓಣಿಯಾಚೆ ಹದಿನಾಲ್ಕು ಸಣ್ಣ ಮನೆಗಳಿದ್ದವು. ಅವುಗಳಿಗೆ ದಿನಾ ಕಾಣುತ್ತಿದ್ದದ್ದು ನಮ್ಮ ಗೋಡೆ ಮಾತ್ರ. ಆ ಗೋಡೆಯ ಬುಡದಲ್ಲಿ ಊರ ಕಸವೆಲ್ಲ ಬಂದು ಬೀಳುತ್ತಿತ್ತು. ಬೆಳಕಿಲ್ಲ, ಬರೀ ನಾಯಿಗಳು.

ಮಗ ಕಟ್ಟಡ ಕಟ್ಟುತ್ತೇನೆಂದಾಗ ಮಾವ ಇಡೀ ಜಾಗ ಬರೆದುಕೊಟ್ಟರು. ಕೇಳಿದ್ದು ಒಂದೇ ಒಂದು. "ನನ್ನ ಅಂಗಡಿ ಮಾತ್ರ ರಸ್ತೆ ಕಡೆಗೇ ಇರ್ಲಿ. ಬಸ್ಸಲ್ಲಿ ಹೋಗೋರು ಕೈ ಎತ್ತಿ ಮಾತಾಡಿಸ್ತಾರೆ. ಅದು ನಿಂತ್ಹೋದ್ರೆ ನಂಗೆ ಹೊತ್ತು ಹೋಗಲ್ಲ." ಭಾವ ಹಾಗೆಯೇ ನಕ್ಷೆ ಹಾಕಿದರು. ನಾಲ್ಕು ಮಹಡಿ, ಹನ್ನೆರಡು ಮನೆ. ರಸ್ತೆಗೆ ಬಾಗಿಲು, ರಸ್ತೆಗೆ ಮೆಟ್ಟಿಲು, ರಸ್ತೆಗೆ ಅಪ್ಪನ ಅಂಗಡಿ. ಓಣಿಯ ಕಡೆಗೆ ಬಚ್ಚಲ ಕಿಟಕಿ, ನೀರಿನ ಟ್ಯಾಂಕು, ಪೈಪುಗಳು.

ಇನ್ನು ನನ್ನ ಘನಕಾರ್ಯ. ಪಾಯದ ನಕ್ಷೆಯಲ್ಲಿ ಕಂಬಗಳ ಚೌಕಗಳು, ಚುಕ್ಕಿ ಗೆರೆಗಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಕ್ಷರ, ಅಂಕಿಗಳನ್ನು ನಾನು ಪ್ರಿಂಟ್ ಬಂದ ಮೇಲೆ ಕೈಯಲ್ಲಿ ಬರೆಯುತ್ತಿದ್ದೆ, ಏಕೆಂದರೆ ಟ್ರೇಸಿಂಗ್ ಹಾಳೆಯ ಮೇಲೆ ಬರೆಯಲು ಸೋಮಾರಿತನ. ಟ್ರೇಸಿಂಗ್ ಹಾಳೆ ಪಾರದರ್ಶಕ. ಈ ಕಡೆಯಿಂದ ನೋಡಿದರೂ ಗೆರೆ, ಆ ಕಡೆಯಿಂದ ನೋಡಿದರೂ ಗೆರೆ. ಅಂದು ಪ್ರಿಂಟಿನ ಅಂಗಡಿಯಲ್ಲಿ ಯಾರೊಂದಿಗೋ ಹರಟುತ್ತ ಹಾಳೆಯನ್ನು ಮೇಲಿನ ಅಂಚು ಕೆಳಗಾಗುವಂತೆ ಮಗುಚಿ ಮೆಷಿನ್ನಿಗೆ ಕೊಟ್ಟೆ. ನೀಲಿ ಪ್ರತಿ ಬಂತು. ನಕ್ಷೆಯಲ್ಲಿ ರಸ್ತೆ ಯಾವಾಗಲೂ ಕೆಳಗಿರುತ್ತದೆ ತಾನೆ? ಕೆಳಗೆ ಮುದ್ದಾಗಿ 'ರಸ್ತೆ' ಎಂದು ಬರೆದೆ. ಮೇಲೆ 'ಓಣಿ' ಎಂದು ಬರೆದೆ. ಕಂಬಗಳಿಗೆ ನಂಬರು ಹಾಕಿದೆ. ಬರವಣಿಗೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೇ ಹೆಮ್ಮೆಯಾಯಿತು.

ಭಾವ ಕಬ್ಬಿಣ ಕೊಳ್ಳಲು ನಾಲ್ಕು ದಿನ ಹೊರಗೆ ಹೋಗಿದ್ದರು. ಆ ನಾಲ್ಕು ದಿನದಲ್ಲಿ ಮೇಸ್ತ್ರಿ ನನ್ನ ಕಾಗದ ನೋಡಿಕೊಂಡು ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದರು, ಗುಂಡಿ ತೋಡಿಸಿದರು. ಮಾವ ಸೈಟಿನ ಮೂಲೆಯಲ್ಲಿ ತಗಡಿನ ಮಾಡು ಹಾಕಿಕೊಂಡು, ರಾತ್ರಿ ಅಲ್ಲೇ ಮಲಗುತ್ತ, ತಮ್ಮ ಕೆಲಸ ನಡೆಸುತ್ತಿದ್ದರು. ಐದನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಭಾವ ಬಂದರು, ಕಾಂಕ್ರೀಟು ಬಿತ್ತು. ಆರನೆಯ ದಿನವೂ ಬಿತ್ತು. ಏಳನೆಯ ದಿನ ಮೇಸ್ತ್ರಿ ಬೀಡಿ ಹಚ್ಚಿಕೊಂಡು, "ಅಲ್ಲಾ ಸಾಮಿ, ಮೆಟ್ಲು ಓಣಿ ಕಡೆ ಬರುತ್ತಲ್ಲ, ಜನ ಹೆಂಗೆ ಬರ್ತಾರೆ ಒಳಗೆ?" ಎಂದು ನನ್ನನ್ನು ಕೇಳಿದರು.

ಆಫೀಸಿಗೆ ಓಡಿ ಮೂಲ ನಕ್ಷೆ ತೆಗೆದು ನೋಡಿದೆ. ಇಡೀ ಕಟ್ಟಡ ಹಿಂದುಮುಂದಾಗಿತ್ತು. ರಸ್ತೆಗೆ ಬಚ್ಚಲು, ಓಣಿಗೆ ಬಾಗಿಲು. ಮಾವನ ಅಂಗಡಿ ಕಸದ ಗುಡ್ಡೆಯ ಎದುರಿಗೆ.

ಭಾವ ಸಿಮೆಂಟಿನ ಶೆಡ್ಡಿನಲ್ಲಿ ಮೂಟೆ ಎಣಿಸುತ್ತಿದ್ದರು. ಹೋಗಿ ಹೇಳಿದೆ. ಹೇಳುವಾಗ ಅತ್ತುಬಿಟ್ಟೆ, ಏನು ಮುಚ್ಚಿಡುವುದು. ಕೆಲಸ ಬಿಟ್ಟು ಹೋಗುತ್ತೇನೆ, ಅಕ್ಕನಿಗೆ ಮುಖ ತೋರಿಸಲಾರೆ ಎಂದೆಲ್ಲ ಬಡಬಡಿಸಿದೆ. ಭಾವ ಎಣಿಸುವುದನ್ನು ನಿಲ್ಲಿಸಿ ಒಂದು ಮೂಟೆಯ ಮೇಲೆ ಕೂತರು. "ಯಾರಿಗೂ ಹೇಳ್ಬೇಡ. ನಿಮ್ಮಕ್ಕನಿಗೂ ಹೇಳ್ಬೇಡ. ನಕ್ಷೆ ತಿರುಗಿಸಿ ಇಟ್ಟಿದ್ದು ನಾನು. ಗೊತ್ತಾಯ್ತಾ?" ಎಂದರು.

ಅದೇ ಸಂಜೆ ಮಾವನ ತಗಡಿನ ಮಾಡಿನ ಕೆಳಗೆ, ಮೇಸ್ತ್ರಿ, ಅಕ್ಕ, ನಾನು ಎಲ್ಲ ಇರುವಾಗಲೇ ಭಾವ ಅಪ್ಪನ ಮುಂದೆ ನಿಂತು ಹೇಳಿದರು. "ಅಪ್ಪ, ನನ್ನಿಂದ ತಪ್ಪಾಯ್ತು. ನಕ್ಷೆ ಹಿಂದುಮುಂದಾಗಿದೆ. ಅಂಗಡಿ ಓಣಿ ಕಡೆ ಬರುತ್ತೆ. ಈಗ ಒಡೆಯೋದಂದ್ರೆ ಆಗಲ್ಲ."

ಮಾವ ಕೈಯಲ್ಲಿದ್ದ ಉಜ್ಜುಗೊರಡನ್ನು ಪಕ್ಕಕ್ಕಿಟ್ಟರು. ಮಗನ ಮುಖ ನೋಡಿದರು, ಗುಂಡಿಗಳ ಕಡೆ ನೋಡಿದರು. ಬಯ್ಯುತ್ತಾರೆ ಎಂದು ನಾವೆಲ್ಲ ಕಾಯುತ್ತಿದ್ದೆವು. ಅವರು ಹೇಳಿದ್ದು ಇಷ್ಟು. "ತಪ್ಪು ಮಾಡಿಯಾಯ್ತಲ್ಲ. ಇನ್ನು ಅದನ್ನ ಅಚ್ಚುಕಟ್ಟಾಗಿ ಮುಗಿಸು." ಆಮೇಲೆ ಉಜ್ಜುಗೊರಡು ಎತ್ತಿಕೊಂಡರು.

ಮಾವ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾಲ್ಕನೆಯ ದಿನ ಓಣಿಯ ಗೋಡೆಯನ್ನು ತಾವೇ ನಿಂತು ಕೆಡವಿಸಿದರು.

ಆಮೇಲಿನದು ನೀರು ಕುಡಿದಷ್ಟು ಸುಲಭವಾಯಿತು ಎಂದು ಬರೆದರೆ ನನ್ನ ಪೆನ್ನು ಮುರಿಯಬೇಕು. ನಕ್ಷೆ ಬದಲಾವಣೆಗೆ ನಗರಸಭೆಗೆ ಹನ್ನೊಂದು ಸಲ ಹೋದೆವು. ಅಲ್ಲಿನ ಇಂಜಿನಿಯರು ನಮ್ಮ ಕಾಗದ ತಿರುಗಿಸಿ ಮುರುಗಿಸಿ ನೋಡಿ, "ಎಲ್ರೂ ಹಿತ್ತಿಲನ್ನ ಮುಂದಕ್ಕೆ ತರೋಕೆ ಲಂಚ ಕೊಡ್ತೀನಿ ಅಂತ ಬರ್ತಾರೆ. ಮುಂಬಾಗಿಲನ್ನ ಹಿತ್ತಿಲಿಗೆ ಒಯ್ಯೋಕೆ ಬಂದೋರು ನೀವೇ ಮೊದಲು," ಎಂದರು. ಮನೆ ಕೊಳ್ಳಲು ಬಂದವರು ಬಸ್ಸಿಳಿದು ಬಾಗಿಲು ಹುಡುಕುತ್ತ ಕಟ್ಟಡಕ್ಕೆ ಒಂದು ಸುತ್ತು ಹಾಕಿ, ಓಣಿ ಕಂಡು ಮೂಗು ಮುರಿದು ಹೋದರು. ಭಾವ ಹಲ್ಲು ಕಚ್ಚಿಕೊಂಡು ಓಣಿಗೆ ಕಲ್ಲು ಹಾಸಿದರು, ಚರಂಡಿಗೆ ಚಪ್ಪಡಿ ಮುಚ್ಚಿದರು, ಬಾಗಿಲ ಮೇಲೆ ಎರಡು ದೀಪ ಹಾಕಿಸಿದರು. ಮೆಟ್ಟಿಲ ಬುಡದಲ್ಲಿ ಕೂರುವ ಹಾಗೆ ಅಗಲವಾದ ಕಟ್ಟೆ ಕಟ್ಟಿಸಿದರು. ಎಂಟು ತಿಂಗಳು ಹನ್ನೆರಡು ಮನೆಯಲ್ಲಿ ಒಂಬತ್ತು ಖಾಲಿ.

ಮೊದಲು ಬದಲಾದವರು ಓಣಿಯಾಚೆಯವರು. ನಮ್ಮ ದೀಪದ ಬೆಳಕಿನಲ್ಲಿ ಅವರ ಮನೆಯ ಗೋಡೆ ಎಷ್ಟು ಕೊಳಕಾಗಿದೆ ಎಂದು ಅವರಿಗೇ ಕಂಡಿರಬೇಕು. ಒಬ್ಬರು ಸುಣ್ಣ ಬಳಿದರು, ನೋಡಿ ಇನ್ನೊಬ್ಬರು ಬಳಿದರು. ಕಸ ಹಾಕಲು ಬಂದವನನ್ನು ಒಬ್ಬಾಕೆ ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದಳು, ಆ ಓಟವನ್ನು ನಾನು ಕಣ್ಣಾರೆ ಕಂಡೆ. ಕಟ್ಟೆಯ ಮೇಲೆ ಮುದುಕರು ಬಂದು ಕೂತರು. ಒಬ್ಬ ದರ್ಜಿ ಮಾವನ ಪಕ್ಕದ ಅಂಗಡಿ ಹಿಡಿದ. ಖಾಲಿ ಇದ್ದ ಮನೆಗಳು ಆಮೇಲೆ ಒಂದೊಂದಾಗಿ ತುಂಬಿದವು. ಬಂದವರು ಹೇಳುತ್ತಿದ್ದ ಕಾರಣ ಸರಳವಾಗಿತ್ತು. ಈ ಕಡೆ ಬಸ್ಸಿನ ಹೊಗೆಯಿಲ್ಲ, ಮಕ್ಕಳನ್ನು ಹೊರಗೆ ಬಿಡಬಹುದು.

ಮಾವನಿಗೆ ಏನಾಯಿತು? ಬಸ್ಸಿನಲ್ಲಿ ಹೋಗುವವರು ಕೈ ಎತ್ತುವುದು ನಿಂತಿತು. ಹಳೆಯ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಮೊದಮೊದಲು ಮಧ್ಯಾಹ್ನ ಊಟ ಮಾಡಿ ರಸ್ತೆಯ ಕಡೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬರುತ್ತಿದ್ದರು. ಅದನ್ನು ನೋಡಿದಾಗೆಲ್ಲ ನಾನು ಅವರ ಕಣ್ಣಿಗೆ ಬೀಳದ ಹಾಗೆ ಬೇರೆ ಕಡೆ ಹೋಗುತ್ತಿದ್ದೆ. ಕಾಲ ಕಳೆದ ಹಾಗೆ ಓಣಿಯವರು ಮುರಿದ ಸ್ಟೂಲು, ಅಲುಗುವ ಕಿಟಕಿ, ಮಕ್ಕಳ ತೊಟ್ಟಿಲು ಹೊತ್ತು ತಂದರು. ಮಾವ ರಿಪೇರಿ ಮಾಡಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಒಂಬತ್ತು ವರ್ಷ ಆ ಅಂಗಡಿಯಲ್ಲಿ ಕೂತು, ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಓಣಿಯ ಹದಿನಾಲ್ಕೂ ಮನೆಯವರು ಬಂದಿದ್ದರು. ಆ ತಪ್ಪನ್ನು ಅವರು ಒಂದು ದಿನವೂ ಮಗನ ಮುಂದೆ ಎತ್ತಿ ಆಡಲಿಲ್ಲ.

ನನ್ನನ್ನು ಭಾವ ಹೊಟ್ಟೆಗೆ ಹಾಕಿಕೊಂಡರು. ಈ ಮಾತನ್ನು ನಾನು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಹಾಕಿಸಬೇಕೆಂದಿದ್ದೆ. ಅಂದಿನಿಂದ ನನ್ನ ಗಮನ ಆಚೆ ಈಚೆ ಹೋಗಿಲ್ಲ. ಆಫೀಸಿನಿಂದ ಹೊರಡುವ ಪ್ರತಿಯೊಂದು ನಕ್ಷೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಸೈಟಿಗೆ ಒಯ್ದು, ರಸ್ತೆಯ ಮೇಲೆ ನಿಂತು, ಮೂರು ಸಲ ನೋಡುತ್ತೇನೆ. ಈಗ ಎಲ್ಲ ಕಂಪ್ಯೂಟರಿನಲ್ಲಿದೆ, ಹಾಳೆ ಮಗುಚುವ ಭಯವಿಲ್ಲ. ಆದರೂ ನೋಡುತ್ತೇನೆ. ಆಫೀಸಿನ ಮಕ್ಕಳು ಹಿಂದಿನಿಂದ ನಗುತ್ತಾರೆ, ನಗಲಿ. ಇಪ್ಪತ್ತೆರಡು ಕಟ್ಟಡಗಳಲ್ಲಿ ಒಂದು ಕಂಬವೂ ಜಾಗ ತಪ್ಪಿಲ್ಲ. ಮನೆ, ಮದುವೆ, ಇಬ್ಬರು ಮಕ್ಕಳ ಓದು, ಊರಿನಲ್ಲಿ ನಾಲ್ಕು ಜನ ಗುರುತಿಸುವ ಮರ್ಯಾದೆ ಎಲ್ಲವೂ ಆ ಸಿಮೆಂಟಿನ ಶೆಡ್ಡಿನಲ್ಲಿ ನನಗೆ ಸಿಕ್ಕಿದ್ದು.

ಭಾವನ ಎರಡನೆಯ ಕಟ್ಟಡದಲ್ಲಿ ಯಾವ ತಪ್ಪೂ ಆಗಲಿಲ್ಲ. ಬಾಗಿಲನ್ನು ಬೇಕೆಂದೇ ಓಣಿಗೆ ಇಟ್ಟರು. ಮೂರನೆಯದಕ್ಕೂ ಇಟ್ಟರು. ಜಾಗ ಕೊಳ್ಳುವ ಮೊದಲು ಅವರು ಮಡಚುವ ಸ್ಟೂಲೊಂದನ್ನು ತೆಗೆದುಕೊಂಡು ಹಿಂದಿನ ಓಣಿಯಲ್ಲಿ ಮೂರು ದಿನ ಕೂರುತ್ತಾರೆ. ಯಾರು ಯಾವ ಹೊತ್ತಿಗೆ ಹೋಗುತ್ತಾರೆ, ಯಾರು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ ಎಂದು ನೋಡುತ್ತಾರೆ. ಎರಡು ಸಲ ಪೊಲೀಸರು ಕಳ್ಳನೆಂದು ವಿಚಾರಿಸಿದ್ದಾರೆ. ಒಂದು ಕಡೆಯಂತೂ ಒಬ್ಬ ಅಜ್ಜಿ, ಪಾಪ ದಿಕ್ಕಿಲ್ಲದವನು ಎಂದು ಊಟ ತಂದುಕೊಟ್ಟಿದ್ದಾಳೆ. ಇವರು ಊಟ ಮಾಡಿ, ತಟ್ಟೆ ತೊಳೆದುಕೊಟ್ಟು ಬಂದಿದ್ದಾರೆ.

ಹೊಗಳಿಕೆ ಸಾಕು. ಅವರೇನೂ ದೇವರಲ್ಲ. ಬಣ್ಣದ ವಿಷಯದಲ್ಲಿ ಮಹಾ ಜುಗ್ಗ, ಇಪ್ಪತ್ತಮೂರು ಕಟ್ಟಡವೂ ಒಂದೇ ಮಾಸಲು ಹಳದಿ. ಹದಿನಾಲ್ಕನೆಯದರಲ್ಲಿ ಯಾರ ಮಾತೂ ಕೇಳದೆ ತಗ್ಗಿನಲ್ಲಿ ಕಾರು ನಿಲ್ಲಿಸುವ ಜಾಗ ಮಾಡಿ, ಮೊದಲ ಮಳೆಗೆ ಆರು ಕಾರು ಮುಳುಗಿಸಿದರು. ನಾನು ಬೇಡವೆಂದಿದ್ದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಮಗಳ ಶಾಲೆಯ ಒಂದೇ ಒಂದು ನಾಟಕಕ್ಕೂ ಹೊತ್ತಿಗೆ ಸರಿಯಾಗಿ ಹೋದವರಲ್ಲ. ಅಕ್ಕ ಈ ಪಟ್ಟಿಯನ್ನು ನನಗಿಂತ ಚೆನ್ನಾಗಿ, ತಾರೀಕಿನ ಸಮೇತ ಹೇಳುತ್ತಾಳೆ.

ಬರೆದು ಮುಗಿಸಿದ ಹಾಳೆಗಳನ್ನು ಹೋದ ವಾರ ಮಧ್ಯಾಹ್ನ ಭಾವನ ಮುಂದೆ ಇಟ್ಟೆ. ಮಗಳು ಸೈಟಿಗೆ ಹೋಗಿದ್ದಳು. ಆಫೀಸಿನಲ್ಲಿ ನಾವಿಬ್ಬರೇ. ಅವರು ಕೆಂಪು ಪೆನ್ಸಿಲು ಹಿಡಿದು ಓದತೊಡಗಿದರು. ಜುಗ್ಗ ಎಂಬ ಮಾತಿಗೆ ನಕ್ಕರು, ಕಾರು ಮುಳುಗಿದ್ದಕ್ಕೆ ಐದೇ ಎಂದು ತಿದ್ದಿದರು. ಮುಳುಗಿದ್ದು ಆರೇ. ಆಮೇಲೆ ಟ್ರೇಸಿಂಗ್ ಹಾಳೆಯ ಪುಟ ಬಂತು. ಪೆನ್ಸಿಲು ನಿಂತಿತು.

"ಇದನ್ನ ತೆಗಿ."

"ತೆಗೆಯಲ್ಲ ಭಾವ. ಮೂವತ್ತೇಳು ವರ್ಷ ನನ್ನ ತಪ್ಪು ನೀವು ಹೊತ್ತಿದ್ದು ಸಾಕು. ನಾನು ಸಾಯೋಕೆ ಮುಂಚೆ ಒಂದ್ಸಲ ನಿಜ ಹೇಳ್ಕೊಂಡು ಹಗುರಾಗ್ತೀನಿ."

"ಇದು ನಿಜ ಅಲ್ಲ."

"ಏನು ನಿಜ ಅಲ್ಲ? ಹಾಳೆ ಮಗುಚಿದ್ದು ನಾನಲ್ವಾ?"

"ಮಗುಚಿದ್ದು ನೀನೇ." ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆದ್ರೆ ಐದ್ನೇ ದಿನ ನಾನು ಸೈಟಿಗೆ ಬಂದಿದ್ದು ಒಂಬತ್ತಕ್ಕಲ್ಲ. ಮೊದಲನೇ ಬಸ್ಸಿಗೇ ಇಳಿದು, ಬೆಳಗಾಗೋ ಹೊತ್ತಿಗೇ ಬಂದಿದ್ದೆ. ಅಪ್ಪ ಇನ್ನೂ ಎದ್ದಿರ್ಲಿಲ್ಲ. ಗುಂಡಿ ನೋಡಿದ ತಕ್ಷಣ ಗೊತ್ತಾಯ್ತು."

ನನಗೆ ಮೊದಲು ಅರ್ಥವಾಗಲಿಲ್ಲ. "ಗೊತ್ತಾಯ್ತು ಅಂದ್ರೆ?"

"ಹಿಂದುಮುಂದಾಗಿದೆ ಅಂತ ಗೊತ್ತಾಯ್ತು. ಕಾಂಕ್ರೀಟು ಬಿದ್ದಿರ್ಲಿಲ್ಲ ಕಣೋ. ಗುಂಡಿ ಮುಚ್ಚಿ ಬೇರೆ ತೋಡಿದ್ರೆ ನಾಲ್ಕು ದಿನದ ಕೆಲಸ. ಮೇಸ್ತ್ರಿ ಬರ್ಲಿ, ನಿಲ್ಲಿಸ್ತೀನಿ ಅಂತ ಓಣಿ ಕಡೆ, ಮಣ್ಣು ಸಾಗಿಸೋಕೆ ಗೋಡೇಲಿ ಒಡೆದಿದ್ದ ಸಂದಿ ಹತ್ರ ನಿಂತಿದ್ದೆ. ಆಗ ಎದುರು ಮನೆ ನರ್ಸಮ್ಮ ರಾತ್ರಿ ಡ್ಯೂಟಿ ಮುಗಿಸ್ಕೊಂಡು ಬಂದ್ಲು. ಕೈಯಲ್ಲಿ ಚಪ್ಪಲಿ. ಓಡ್ಕೊಂಡು ಬರ್ತಿದ್ಲು, ನಾಯಿ ಭಯಕ್ಕೋ ಏನೋ. ನನ್ನ ನೋಡಿ ನಿಂತ್ಲು. ಸಂದಿಯಿಂದ ಸುಣ್ಣದ ಗೆರೆ ನೋಡಿ, 'ಇಲ್ಲಿ ಬಾಗಿಲು ಬರುತ್ತಾ ಸಾರ್? ಬಾಗಿಲು ಬಂದ್ರೆ ದೀಪಾನೂ ಬರುತ್ತಲ್ವಾ?' ಅಂತ ಕೇಳಿದ್ಲು. ಬರುತ್ತಮ್ಮ ಅಂದ್ಬಿಟ್ಟೆ. ಬಾಯಿಗೆ ಬಂತು, ಅಂದ್ಬಿಟ್ಟೆ. ಅವಳು ಚಪ್ಪಲಿ ಹಾಕ್ಕೊಂಡು ನಡ್ಕೊಂಡು ಹೋದ್ಲು. ಅದಾದ್ಮೇಲೆ ನಂಗೆ ಆ ಗೆರೆ ಅಳಿಸೋಕಾಗ್ಲಿಲ್ಲ. ಟೀ ಅಂಗಡಿಗೆ ಹೋಗಿ ಕೂತು ಒಂಬತ್ತಕ್ಕೆ ಬಂದೆ."

ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ. "ಮೂವತ್ತೇಳು ವರ್ಷ! ಮೂವತ್ತೇಳು ವರ್ಷ ನಾನು ತಲೆ ತಗ್ಗಿಸ್ಕೊಂಡು ದುಡಿದೆ. ಒಂದು ಮಾತು ಹೇಳೋಕೆ ನಿಮ್ಗೇನಾಗಿತ್ತು?"

"ಹೇಳ್ಬೇಕು ಅಂತಾನೇ ಇದ್ದೆ. ಆದ್ರೆ ಮಾರನೇ ದಿನದಿಂದ ನೀನು ಬೇರೆ ಮನುಷ್ಯ ಆದೆ. ನಕ್ಷೆನ ಕಿಟಕಿಗೆ ಹಿಡಿದು ನೋಡೋಕೆ ಶುರು ಮಾಡ್ದೆ. ಹೇಳಿದ್ರೆ ಮತ್ತೆ ಮೊದಲಿನ ಥರ ಆಗ್ತೀಯೇನೋ ಅಂತ ಹೆದರಿದೆ. ಆಮೇಲೆ ಹತ್ತು ವರ್ಷ ಆಯ್ತು, ಇಪ್ಪತ್ತು ಆಯ್ತು. ಯಾವ ಮುಖ ಇಟ್ಕೊಂಡು ಹೇಳ್ಲಿ? ತಪ್ಪೇ ಕಣೋ. ಬೈಯೋದಿದ್ರೆ ಬೈ."

ಬೈಯಲು ಹೊರಟೆ. ಆದರೆ ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ.

"ನಿಂದು ಬಿಡು," ಎಂದರು. "ನಿಂಗೆ ಇವತ್ತಾದ್ರೂ ಹೇಳ್ದೆ. ಅಪ್ಪಂಗೆ ಹೇಳ್ಲಿಲ್ಲ. ಅವರು ಕೇಳಿದ್ದು ಒಂದೇ ಒಂದು, ರಸ್ತೆ ಕಡೆ ಅಂಗಡಿ. ಅದನ್ನ ನಾನು ಗೊತ್ತಿದ್ದೂ ಕಿತ್ಕೊಂಡೆ. ತಪ್ಪಾಯ್ತು ಅಂದೆ, ಕ್ಷಮಿಸಿದ್ರು. ಬೇಕೂಂತ ಮಾಡ್ದೆ ಅಂದಿದ್ರೆ ಕ್ಷಮಿಸ್ತಿದ್ರಾ? ಕೇಳೋ ಧೈರ್ಯ ಬರ್ಲಿಲ್ಲ. ಒಂಬತ್ತು ವರ್ಷ ಅವರ ಅಂಗಡಿ ಮುಂದೇನೇ ಓಡಾಡಿದ್ದೀನಿ. ಪ್ರತಿಸಲ ಇವತ್ತು ಹೇಳೋಣ, ಇವತ್ತು ಹೇಳೋಣ ಅಂತ. ಹುಡುಗ್ರು ಬಂದು ಹೇಗೆ ಹೊಳೀತು ಸಾರ್ ಅಂತ ಕೇಳ್ತಾರಲ್ಲ, ಆಗೆಲ್ಲ ತಪ್ಪು ಅಂತ ಹೇಳೋದು ವಿನಯಕ್ಕಲ್ಲ. ಅಪ್ಪಂಗೆ ಏನು ಹೇಳಿದ್ನೋ ಅದನ್ನೇ ಹೇಳ್ಬೇಕು, ಇನ್ನೇನು ಮಾಡ್ಲಿ?"

ನಾನು ಕೂತುಕೊಂಡೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ನಾಲ್ಕು ದಿನಗಳು ಕಣ್ಣ ಮುಂದೆ ಬಂದವು. ಭಾವ ಊರಲ್ಲಿರಲಿಲ್ಲ, ನಾನಿದ್ದೆ. ತಗಡಿನ ಮಾಡಿನ ಕೆಳಗೆ ಮಾವ ಇದ್ದರು. ಬೆಳಗ್ಗೆ ನಲ್ಲಿಗೆ ಹೋಗುವಾಗ, ಮಧ್ಯಾಹ್ನ ಊಟಕ್ಕೆ ಹೋಗುವಾಗ, ಸಂಜೆ ಹಲಗೆ ಎತ್ತಿಡುವಾಗ ಆ ಸುಣ್ಣದ ಗೆರೆಗಳನ್ನು ದಾಟಿಕೊಂಡೇ ಓಡಾಡಿದ್ದರು. ಮೂರನೆಯ ದಿನ ಮೆಟ್ಟಿಲಿನ ಗುಂಡಿಯ ಪಕ್ಕ ನಿಂತು, ಒಂದು ಸಲ ರಸ್ತೆಯ ಕಡೆಗೂ ಒಂದು ಸಲ ಓಣಿಯ ಕಡೆಗೂ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಮಗನ ಕಟ್ಟಡ ನೋಡಿ ಖುಷಿಪಡುತ್ತಿದ್ದಾರೆ ಎಂದುಕೊಂಡಿದ್ದೆ.

"ಭಾವ," ಎಂದೆ. "ನಿಮ್ಮಪ್ಪ ಬಡಗಿ. ಬಾಗಿಲ ಚೌಕಟ್ಟು ಅರ್ಧ ಬೆರಳು ವಾಲಿದ್ರೆ ಎದುರು ಬೀದಿಯಿಂದ ಬೈತಿದ್ರು. ನಕ್ಷೆನ ನೀವು ಅವರಿಗೆ ಎಷ್ಟು ಸಲ ತೋರಿಸಿದ್ರಿ?"

"ದಿನಾ ತೋರಿಸ್ತಿದ್ದೆ. ಅಂಗಡಿ ಎಲ್ಲಿ ಬರುತ್ತೆ ಅಂತ ಬೆರಳಿಟ್ಟು ನೋಡ್ತಿದ್ರು."

"ನಾಲ್ಕು ದಿನ ಆ ಗೆರೆ ಅವರ ಕಣ್ಮುಂದೆ ಬಿದ್ದಿತ್ತು. ಇಡೀ ಕಟ್ಟಡ ತಿರುಗಿ ಕೂತಿದ್ದು ಅವರಿಗೆ ಕಾಣ್ಲಿಲ್ವಾ?"

ಭಾವ ತಲೆ ಎತ್ತಿದರು.

"ಮೇಸ್ತ್ರಿನ ಕರೆದು ಒಂದು ಮಾತು ಹೇಳಿದ್ರೆ ಅವತ್ತೇ ನಿಲ್ತಿತ್ತು. ಹೇಳ್ಲಿಲ್ಲ. ನಾನಲ್ಲೇ ಇದ್ದೆ, ನಂಗೂ ಹೇಳ್ಲಿಲ್ಲ. ನೀವು ಬೇಕೂಂತ ತಿರುಗಿಸಿದ್ದೀರಿ ಅಂದ್ಕೊಂಡೇ ಸುಮ್ಮನಿದ್ರು ಭಾವ. ಮಗ ಏನೋ ಯೋಚನೆ ಮಾಡಿದ್ದಾನೆ, ಆಗ್ಲಿ ಅಂತ ಬಿಟ್ಕೊಟ್ರು. ನೀವು ಬಂದು ತಪ್ಪಾಯ್ತು ಅಂದಾಗ ಅದಕ್ಕೂ ಹೂಂ ಅಂದ್ರು. ಇಲ್ಲಾಂದ್ರೆ ಆ ಓಣಿ ಗೋಡೆನ ಅವರೇ ನಿಂತು ಕೆಡವಿಸ್ತಿದ್ರಾ?"

ಮೂವತ್ತೇಳು ವರ್ಷದಲ್ಲಿ ಈ ಯೋಚನೆ ಅವರಿಗೆ ಒಂದು ಸಲವೂ ಬಂದಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಸರಿಯೋ ತಪ್ಪೋ ನನಗೂ ಗೊತ್ತಿಲ್ಲ. ಹೇಳಬೇಕಾದವರು ಈಗ ಇಲ್ಲ. ಆದರೆ ಹೇಳುತ್ತ ಹೇಳುತ್ತ ನನಗೇ ಅದು ನಿಜವೆಂದು ಗಟ್ಟಿಯಾಯಿತು.

"ಹಾಗಂತೀಯಾ?" ಎಂದರು ಭಾವ. ದನಿ ಸಣ್ಣ ಮಗುವಿನದಾಗಿತ್ತು.

"ಹಾಗಂತೀನಿ."

ಎಪ್ಪತ್ತೊಂದು ವರ್ಷದ ನಮ್ಮ ಭಾವ ಮೇಜಿನ ಮೇಲೆ ಎರಡೂ ಕೈಯಿಟ್ಟು, ಅದರ ಮೇಲೆ ತಲೆಯಿಟ್ಟು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಹೋಗಿ ಅವರ ಬೆನ್ನಿನ ಮೇಲೆ ಕೈಯಿಟ್ಟೆ. ಸಿಮೆಂಟಿನ ಮೂಟೆಯ ಮೇಲೆ ಕೂತು ನನ್ನನ್ನು ಉಳಿಸಿದ ಮನುಷ್ಯನಿಗೆ ನಾನು ಕೊಡಬಹುದಾದದ್ದು ಏನಾದರೂ ಈ ಜನ್ಮದಲ್ಲಿ ಸಿಕ್ಕೀತು ಎಂದು ನಾನು ಎಣಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಹಾಳೆಗಳನ್ನು ಜೋಡಿಸಿ ನನ್ನ ಕಡೆ ತಳ್ಳಿದರು. ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದು ಒಂದು ಸಾಲೂ ಇರಲಿಲ್ಲ.

"ಎಲ್ಲಾ ಬರಿ," ಎಂದರು. "ನೀನು ಹಾಳೆ ಮಗುಚಿದ್ದು, ನಾನು ನೋಡಿದ್ದು, ಅಪ್ಪ ನೋಡಿ ಸುಮ್ಮನಿದ್ದಿದ್ದು. ಎಲ್ಲಾ ಬರಿ."

ಹಾಗೆಯೇ ಬರೆದಿದ್ದೇನೆ.